ನರ್ಸಕ್ಕನ ಅಂಚೆ: ಪತ್ರ ಬರೀಬ್ಯಾಡ, ಗಾಡಿ ಹಿಡಿ

ಹೋದ ತಿಂಗಳು ಈ ಅಂಕಣದಲ್ಲಿ ಹೆರಿಗೆ ಸಾವಿನ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಸತ್ತಾಕೆಯನ್ನು ಮಣ್ಣು ಮಾಡಿ ಬಂದು ‘ಆಕಿ ಹಣಿಯಾಗ ಅಷ್ಟ ಬರದಿತ್ತು’ ಅಂತ ಸುಮ್ಮನಾಗುತ್ತೇವೆ, ಬ್ಯಾನಿ ಎಷ್ಟಕ್ಕೆ ಸುರುವಾಯಿತು, ಗಾಡಿ ಎಷ್ಟಕ್ಕೆ ಬಂತು ಅಂತ ಯಾರೂ ಕೇಳುವುದಿಲ್ಲ ಅಂದಿದ್ದೆ. ಅದಕ್ಕೆ ಬಂದ ಪತ್ರಗಳ ಕಟ್ಟು ನೋಡಿ ಸಂಪಾದಕರು, “ಅಕ್ಕಾರ, ಈ ಸಲ ಇದನ್ನ ಮುಗಸ್ರಿ, ಮೊಣಕಾಲು ನೋವಿನವರು ಒಂದು ತಿಂಗಳ ಕಾಯಲಿ” ಅಂದರು.

ಹೊಸ ಓದುಗರಿಗೆ ಹೇಳಿಬಿಡುತ್ತೇನೆ: ನಾನು ಡಾಕ್ಟರ್ ಅಲ್ಲ. 1983ರಿಂದ 2016ರ ತನಕ ರೋಣ, ಮುಂಡರಗಿ ತಾಲೂಕಿನ ಉಪಕೇಂದ್ರಗಳಲ್ಲಿ ನರ್ಸಬಾಯಿಯಾಗಿದ್ದವಳು. ಈಗ ಧಾರವಾಡದಲ್ಲಿದ್ದೇನೆ. ಔಷಧ ಬರೆದುಕೊಡುವುದು ನನ್ನ ಕೆಲಸವಲ್ಲ. ಯಾವಾಗ ಎದ್ದು ಹೊರಡಬೇಕು ಅನ್ನುವುದನ್ನು ಹೇಳಬಲ್ಲೆ. ಬರೆದವರ ಹೆಸರು ಬಿಟ್ಟು ಊರಷ್ಟೇ ಹಾಕಿದ್ದೇವೆ.

“ನನ್ನ ಸೊಸಿಗೆ ಏಳು ತಿಂಗಳು. ರಕ್ತ 7.8 ಐತಂತ. ಕೆಂಪು ಗುಳಗಿ ಕೊಟ್ಟಾರ. ತಗೊಂಡ್ರ ಹೊಟ್ಟಿ ತೊಳಸ್ತೈತಿ, ಸಂಡಾಸ ಕರ್ರಗ ಆಗತೈತಿ ಅಂತ ಒಲ್ಲೆ ಅಂತಾಳ. ಕೂಸು ದಪ್ಪಾಗಿ ಹೆರಿಗಿ ಕಷ್ಟ ಆಗತೈತಿ ಅಂತ ಓಣ್ಯಾಗಿನವ್ರೂ ಹೇಳ್ತಾರ. ದಾಳಿಂಬ್ರಿ, ಬೀಟ್‌ರೂಟ್ ತಿನ್ನಿಸಿದ್ರ ಸಾಲೂದಿಲ್ಲೇನ್ರಿ?” (ಅತ್ತೆ, ಸವಣೂರು)

ಸಾಲೂದಿಲ್ಲವ್ವ. ಆ 7.8 ಅಂದರೆ ರಕ್ತದಲ್ಲಿನ ಹಿಮೋಗ್ಲೋಬಿನ್, ಬಸುರಿಗೆ ಅದು ಕನಿಷ್ಠ 11 ಗ್ರಾಂ ಇರಬೇಕು. ಉಳಿದಿರುವುದು ಎರಡು ತಿಂಗಳು. ದಾಳಿಂಬೆ ತಿನ್ನಲಿ, ಯಾರು ಬ್ಯಾಡ ಅಂದಾರು, ಆದರೆ ಅದರಿಂದ ಈ ಗುಂಡಿ ತುಂಬುವುದಿಲ್ಲ. ಈ ವಾರವೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ, “ಗುಳಗಿ ಒಗ್ಗವಲ್ದು, ದಿನಾ ಕಡಿಮಿ ಅದಾವ, ಸಲಾಯಿನ್‌ದಾಗ ಕಬ್ಬಿಣ ಏರಿಸಲಿಕ್ಕೆ ಬರತೈತೇನ್ರಿ?” ಅಂತ ನೀವೇ ಬಾಯಿಬಿಟ್ಟು ಕೇಳಿ. 7ಕ್ಕಿಂತ ಕೆಳಗಿಳಿದರೆ ಅಡ್ಮಿಟ್ ಮಾಡಿಕೊಳ್ಳುವ ಮಾತು.

ಸಂಡಾಸು ಕಪ್ಪಾಗುವುದು ಕಬ್ಬಿಣದ ಗುಣ, ರೋಗವಲ್ಲ. ಬರಿಹೊಟ್ಟೆಯಲ್ಲಿ ತೊಳಸಿದರೆ ರಾತ್ರಿ ಊಟ ಆದ ಮೇಲೆ ಮಲಗುವಾಗ ನುಂಗಲಿ. ಚಹಾದ ಜೊತೆ ಬ್ಯಾಡ, ಕ್ಯಾಲ್ಸಿಯಂ ಗುಳಿಗೆಯ ಜೊತೆಗಂತೂ ಬ್ಯಾಡ, ಎರಡು ತಾಸು ಅಂತರ ಇರಲಿ. ನಮ್ಮ ಕಡೆ ಚಹಾ ಕುಡಿಯದ ತಾಸು ಯಾವುದು ಅಂತ ಕೇಳಬೇಡಿ, ಹುಡುಕಿ. ಪುಂಡಿಪಲ್ಯ, ಲಿಂಬೆಹುಳಿ ಜೊತೆಗಿದ್ದರೆ ಊಟದ ಕಬ್ಬಿಣ ಮೈಗೆ ಹತ್ತುತ್ತದೆ. ಕೂಸು ದಪ್ಪಾಗುತ್ತದೆ ಅನ್ನುವುದು ಸುಳ್ಳು. ರಕ್ತ ಕಡಿಮೆ ಇದ್ದ ತಾಯಿಗೆ ಸಣಕಲು ಕೂಸು ಹುಟ್ಟುವುದೇ ಹೆಚ್ಚು.

ಒಂದು ಮನೆಯ ಕಥೆ ಹೇಳುತ್ತೇನೆ. ರೋಣ ತಾಲೂಕಿನ ಹಳ್ಳಿ, ಚೊಚ್ಚಲ ಬಸುರಿ. ಪ್ರತಿ ತಿಂಗಳೂ “ಗುಳಗಿ ನುಂಗ್ತಿಯೇನವ್ವ?” ಅಂದರೆ “ಹೂನ್ರಿ” ಅನ್ನುತ್ತಿದ್ದಳು. ಒಂದು ದಿನ ಆಕೆಯ ನಾದಿನಿಯ ಮಗ, ಆರು ವರ್ಷದವ, “ಅಕ್ಕಾರ, ಮಾಮಿ ಪೆಪ್ಪರಮಿಂಟ್ ಎಲ್ಲಿ ಇಟ್ಟಾಳ ತೋರಸ್ಲೇನು?” ಅಂದ. ಅಡಕಲ ಗಡಿಗೆಯ ಸಾಲಿನಲ್ಲಿ ಮೇಲಿನಿಂದ ಮೂರನೆಯದು, ಸಾಸಿವೆಯ ಒಳಗೆ. ಎಣಿಸಿದೆ: 84. ಸಿಟ್ಟು ಬಂತು. ಆಮೇಲೆ ಕೂತು ಕೇಳಿದಾಗ ಗೊತ್ತಾಯಿತು: ಆಕೆ ಉಣ್ಣುತ್ತಿದ್ದದ್ದು ಎಲ್ಲರೂ ಉಂಡ ಮೇಲೆ, ಮಧ್ಯಾಹ್ನ ಮೂರಕ್ಕೆ, ಬುಟ್ಟಿಯ ತಳದಲ್ಲಿದ್ದ ಒಂದೂವರೆ ರೊಟ್ಟಿ. ಆ ಹೊಟ್ಟೆಗೆ ಕಬ್ಬಿಣ ಬಿದ್ದರೆ ತೊಳಸದೆ ಏನು ಮಾಡೀತು? ಅವತ್ತಿನಿಂದ ನಾನು ಗುಳಿಗೆಯ ಪಟ್ಟಿಯನ್ನು ಸೊಸೆಯರ ಕೈಗೆ ಕೊಡುವುದು ಬಿಟ್ಟೆ. ಅತ್ತೆಯ ಕೈಗೆ ಕೊಟ್ಟು, “ನಿಮ್ಮ ಮಮ್ಮಗನ ಜೀವ ಇದರಾಗ ಐತಿ, ನೀವs ನುಂಗಿಸ್ರಿ, ಮೊದಲ ಎರಡು ರೊಟ್ಟಿ ಹಾಕಿ” ಅನ್ನುತ್ತಿದ್ದೆ. ನೀವು ಅತ್ತೆಯಾಗಿ ಪತ್ರ ಬರೆದಿದ್ದೀರಿ, ಅರ್ಧ ಕೆಲಸ ಆದಂಗೆ. ಇವತ್ತಿನಿಂದ ಆಕೆಯನ್ನು ಮೊದಲ ಪಂಕ್ತಿಗೆ ಕೂಡಿಸಿ.

2017ರಿಂದ ‘ಮಾತೃಪೂರ್ಣ’ ಯೋಜನೆಯಲ್ಲಿ ಅಂಗನವಾಡಿಯಲ್ಲಿ ಬಸುರಿ-ಬಾಣಂತಿಯರಿಗೆ ಬಿಸಿಯೂಟ ಸಿಗುತ್ತದೆ. “ನಮ್ಮ ಮನಿತನದಾಕಿ ಅಂಗನವಾಡ್ಯಾಗ ಹೋಗಿ ಉಣ್ಣಬೇಕs?” ಅನ್ನುವವರನ್ನು ಕಂಡಿದ್ದೇನೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ನಮ್ಮ ರಾಜ್ಯದ ಬಸುರಿಯರಲ್ಲಿ ನೂರಕ್ಕೆ 45 ಮಂದಿಗೆ ರಕ್ತ ಕಡಿಮೆ. ಅದಕ್ಕೂ ಹಿಂದಿನ ಸಮೀಕ್ಷೆಯಲ್ಲೂ 45. ಇವರೆಲ್ಲ ಬಡವರ ಮನೆಯವರೇ ಅಲ್ಲ, ನಂಬಿ.

“ನಾನು ಟಂಟಂ ಓಡಸ್ತೀನ್ರಿ. ಹೋದ ಮಳಿಗಾಲದಾಗ ರಾತ್ರಿ ಒಂದಕ್ಕ ನಮ್ಮ ತಾಂಡಾದಾಗ ಕರದ್ರು. ಮನ್ಯಾಗ ಹೆರಿಗಿ ಆಗಿತ್ತು. ಕೂಸು ಹತ್ತಕ್ಕ ಹುಟ್ಟಿತ್ತಂತ, ರಕ್ತ ನಿಂತಿರಲಿಲ್ಲ. ಮೊದಲನೇ ದವಾಖಾನ್ಯಾಗ ಡಾಕ್ಟರ್ ಇರಲಿಲ್ಲ. ಎರಡನೇದ್ರಾಗ ರಕ್ತ ಇಲ್ಲ ಅಂದ್ರು. ಮೂರನೇದ್ದಕ್ಕ ಮುಟ್ಟೂದ್ರಾಗ ಜೀವ ಹೋಗಿತ್ತು. ನಾನು ಇನ್ನೂ ಜೋರ ಓಡಿಸಿದ್ರ ಉಳೀತಿದ್ಲೇನ್ರಿ? ನಿದ್ದಿ ಹತ್ತೂದಿಲ್ಲ.” (ಮುಂಡರಗಿ ತಾಲೂಕು)

ಇಲ್ಲ ತಮ್ಮಾ, ನೀನು ಜೋರು ಓಡಿಸಿದ್ದರಿಂದ ಉಳಿಯುತ್ತಿರಲಿಲ್ಲ. ಹೆರಿಗೆ ನಂತರ ಮೈ ಬಿಟ್ಟು ರಕ್ತ ಹೋಗಲು ಹತ್ತಿದರೆ ಗಟ್ಟಿಮುಟ್ಟಾದ ಹೆಣ್ಣುಮಗಳೂ ಎರಡು ತಾಸಿನಲ್ಲಿ ಹೋಗಿಬಿಡಬಹುದು. ನಿನ್ನ ಫೋನ್ ಬಡಿದುಕೊಳ್ಳುವ ಹೊತ್ತಿಗೇ ಮೂರು ತಾಸು ಆಗಿತ್ತು. ಆ ಮೂರು ತಾಸು ಆ ಮನೆಯಲ್ಲಿ ಏನು ನಡೆದಿತ್ತು ಅಂತ ನಾನು ಕಣ್ಣಾರೆ ಕಾಣದೆಯೂ ಹೇಳಬಲ್ಲೆ. ‘ಯಾರನ್ನ ಕೇಳೂನು? ಗಂಡ ಗೋವಾದಾಗ ಅದಾನ. ಮಾವ ಎದ್ದ ಮ್ಯಾಲ ನೋಡೂನು. ಹೆರಿಗ್ಯಾಗ ರಕ್ತ ಹೋಗೂದ ಹೌದಲ.’

1994ರಲ್ಲಿ ಸೆರೀನ್ ಥಡ್ಡಿಯಸ್, ಡೆಬೊರಾ ಮೇನ್ ಅನ್ನುವ ಇಬ್ಬರು ಹೆಣ್ಣುಮಕ್ಕಳು ಇದನ್ನೇ ಮೂರು ತಡ ಅಂತ ಬರೆದಿಟ್ಟರು. ಹೊರಡಬೇಕು ಅಂತ ತೀರ್ಮಾನ ಮಾಡುವ ತಡ, ದಾರಿಯಲ್ಲಿ ಆಗುವ ತಡ, ಮುಟ್ಟಿದ ಮೇಲೆ ಸರಿಯಾದ ಚಿಕಿತ್ಸೆ ಸಿಗುವ ತಡ. ನಿನ್ನ ಪತ್ರದಲ್ಲಿ ಮೂರೂ ಇವೆ. ನಿನ್ನ ಪಾಲಿಗೆ ಬಂದದ್ದು ನಡುವಿನದೊಂದೇ, ಅದರಲ್ಲಿ ನೀನು ತಪ್ಪಿಲ್ಲ.

ನಾನು ತಪ್ಪಿದ್ದೇನೆ. ಈ ಅಂಕಣದಲ್ಲಿ ಇಷ್ಟು ವರ್ಷ ಬರೆಯದ್ದನ್ನು ನಿನ್ನ ಸಲುವಾಗಿ ಬರೆಯುತ್ತೇನೆ. 1989, ಮುಂಗಾರು ಹಿಡಿದಿತ್ತು, ಎರಿ ಹೊಲದ ದಾರಿ. ಬೆಣ್ಣಿಹಳ್ಳದ ದಂಡೆಯ ಊರು. ಮೂರನೇ ಹೆರಿಗೆ, ಹಗುರಾಗಿ ಆಯಿತು, ಮಾಸೂ ಬಿತ್ತು. ರಕ್ತ ಒಮ್ಮೆಲೇ ಸುರಿಯಲಿಲ್ಲ, ಸಣ್ಣಗೆ ಹರಿಯುತ್ತಿತ್ತು. ನಾನು “ಇನ್ನೊಂದು ಸ್ವಲ್ಪ ನೋಡೂನು” ಅಂದೆ. ಅತ್ತೆ ಚೊಕ್ಕ ಹೆಂಗಸು. ಬಟ್ಟೆ ತೊಯ್ದ ಹಾಗೆಲ್ಲ ಎಳೆದು ಒಯ್ದು ಹಿತ್ತಲದಲ್ಲಿ ಹಾಕಿ ಹೊಸದು ತಂದು ಹಾಸುತ್ತಿದ್ದಳು. ನನ್ನ ಕಣ್ಣಿಗೆ ಬೀಳುತ್ತಿದ್ದದ್ದು ಯಾವಾಗಲೂ ಈಗ ಹಾಸಿದ ಬಟ್ಟೆಯೊಂದೇ, ಅದರ ಮೇಲೆ ಅಂಗೈ ಅಗಲದ ಕಲೆ. ಆಕೆ “ನೀರಡಿಕಿ” ಅಂದಾಗ, ತುಟಿ ಬಿಳುಪು ಕಂಡಾಗ ಕಂದೀಲು ಹಿಡಿದು ಹಿತ್ತಲಕ್ಕೆ ಹೋಗಿ ನೋಡಿದೆ. ಎರಡು ಲಂಗ, ಮಡಿಸಿ ಹಾಸಿದ್ದ ಒಂದು ಧೋತರ, ಒಂದು ಕೌದಿ. ಕೌದಿ ಎತ್ತಲು ಹೋದೆ, ಒಂದು ಕೈಗೆ ಏಳಲಿಲ್ಲ. ಟ್ರ್ಯಾಕ್ಟರ್ ಟ್ರೇಲರಿನಲ್ಲಿ ಹಾಕಿಕೊಂಡು ಹೊರಟೆವು. ಎರಿ ಮಣ್ಣಿನಲ್ಲಿ ಗಾಲಿ ಹೂತವು. ಅಲ್ಲೇ ಮುಗಿಯಿತು.

2023ರಲ್ಲಿ ಕೆನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ತಾಂಜಾನಿಯಾದ 80 ಆಸ್ಪತ್ರೆಗಳಲ್ಲಿ ನಡೆದ ಒಂದು ದೊಡ್ಡ ಅಧ್ಯಯನದ ಸುದ್ದಿ ಓದಿದಾಗ ನನಗೆ ನೆನಪಾದದ್ದು ಆ ಕೌದಿ. ಅವರು ಮಾಡಿದ್ದು ಬಹಳ ಸಾದಾ. ಹೆರಿಗೆ ಆದ ಕೂಡಲೇ ಬಾಣಂತಿಯ ಕೆಳಗೆ ಅಳತೆಗೆರೆ ಇರುವ ಪ್ಲಾಸ್ಟಿಕ್ ಚೀಲದಂಥ ಹಾಳೆ ಇಟ್ಟು ರಕ್ತ ಅಳೆಯುವುದು. ಗೆರೆ ದಾಟಿದರೆ ಗರ್ಭಕೋಶ ತಿಕ್ಕುವುದು, ಸೂಜಿ, ಸಲಾಯಿನ್, ಪರೀಕ್ಷೆ ಎಲ್ಲವನ್ನೂ ಒಂದಾದ ಮೇಲೊಂದು ಅಂತ ಕಾಯದೆ ಒಟ್ಟಿಗೇ ಸುರು ಮಾಡುವುದು. ವಿಪರೀತ ರಕ್ತಸ್ರಾವದ ತೊಂದರೆ ನೂರಕ್ಕೆ 60ರಷ್ಟು ಇಳಿಯಿತು. ಹೊಸ ಔಷಧ ಯಾವುದೂ ಇರಲಿಲ್ಲ. ಕಣ್ಣಂದಾಜು ಬಿಟ್ಟು ಅಳೆದರು, ಅಷ್ಟೇ.

ನಮ್ಮ ಪಕ್ಕದ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲೂ ಇಂಥದೊಂದು ಕೆಲಸ ಆಗಿದೆ, ನಮ್ಮವರಿಗೇ ಗೊತ್ತಿಲ್ಲ. ನನ್ನಂಥ ನರ್ಸಬಾಯಿಯರೇ 1,620 ಹೆಣ್ಣುಮಕ್ಕಳ ಹೆರಿಗೆ ಮಾಡಿಸಿ, ಅರ್ಧ ಮಂದಿಗೆ ಕೂಸು ಹುಟ್ಟಿದ ಕೂಡಲೇ ಮಿಸೊಪ್ರೊಸ್ಟಾಲ್ ಗುಳಿಗೆ ಕೊಟ್ಟರು. ಗುಳಿಗೆ ಇಲ್ಲದವರಲ್ಲಿ ನೂರಕ್ಕೆ 12 ಮಂದಿಗೆ ಹೆಚ್ಚು ರಕ್ತ ಹೋದರೆ, ಗುಳಿಗೆ ತಗೊಂಡವರಲ್ಲಿ 6.4. 2006ರಲ್ಲಿ ಅದು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಕೆಲಸಕ್ಕೆ ಆ ಗುಳಿಗೆಯನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. 1989ರಲ್ಲಿ ನನ್ನ ಚೀಲದಲ್ಲಿ ಅದು ಇರಲಿಲ್ಲ.

ಇನ್ನು ನಿನ್ನ ಕೆಲಸ. ಮುಂದಿನ ಸಲ ಕರೆ ಬಂದರೆ (ಬರುತ್ತದೆ) ಮೊದಲು 108ಕ್ಕೆ ಹಚ್ಚು. ಅದು ತಡ ಅಂದರೆ ನೀನೇ ಹೊರಡು, ಆದರೆ ಗಾಡಿಯಲ್ಲಿ ಇನ್ನೊಬ್ಬ ಫೋನ್ ಹಿಡಿದಿರಲಿ: “ಬಾಣಂತಿ, ರಕ್ತ ನಿಲ್ಲವಲ್ದು, ಡಾಕ್ಟರ್ ಅದಾರೇನು, ರಕ್ತ ಐತೇನು?” ಇಲ್ಲ ಅಂದ ಕಡೆ ಗಾಡಿ ನಿಲ್ಲಿಸಬೇಡ. ಆಕೆಯನ್ನು ಕೂಡಿಸಿ ಒಯ್ಯಬ್ಯಾಡ, ಅಂಗಾತ ಮಲಗಿಸಿ, ಕಾಲ ಕೆಳಗೆ ಗಂಟು ಇಟ್ಟು, ಹೊದಿಸು. ಹೊರಡುವ ಮುಂಚೆ ಮೂತ್ರ ಮಾಡಿಸಲಿ. ಜೊತೆಗಿದ್ದ ಹೆಣ್ಣುಮಗಳು ಹೊಕ್ಕಳ ಕೆಳಗೆ ಕೈಯಿಟ್ಟು, ಗರ್ಭಕೋಶ ಚೆಂಡಿನಂಗೆ ಗಟ್ಟಿ ಆಗುವ ತನಕ ತಿಕ್ಕುತ್ತ ಇರಲಿ, ಬಿಡಬಾರದು. ಕೂಸನ್ನು ಮೊಲೆಗೆ ಹಚ್ಚಲಿ. ತೊಯ್ದ ಬಟ್ಟೆ ಒಗೆಯಬ್ಯಾಡಿ, ಚೀಲದಲ್ಲಿ ಹಾಕಿ ಜೊತೆಗೇ ಒಯ್ದು ಡಾಕ್ಟರಿಗೆ ತೋರಿಸಿ. ಮತ್ತೆ ನಿಮ್ಮ ತಾಂಡಾದ ಹುಡುಗರ ರಕ್ತದ ಗುಂಪು ತಪಾಸಣೆ ಮಾಡಿಸಿ, ಫೋನ್ ನಂಬರ್ ಸಮೇತ ಸೇವಾಲಾಲ ಗುಡಿಯ ಗೋಡೆಗೆ ಹಚ್ಚು. ‘ರಕ್ತ ಇಲ್ಲ’ ಅಂದ ಕಡೆ ಇಬ್ಬರು ಹುಡುಗರು ಅಂಗಿ ತೋಳು ಮಡಚಿ ನಿಂತರೆ ಮಾತು ಬೇರೆ ಆಗುತ್ತದೆ.

“ನಮ್ಮಕ್ಕಗ ಹೋದ ವರ್ಷ ಒಂಬತ್ತರಾಗ ಝಟಕಿ ಬಂದ್ವು. ಗಾಳಿ ಬಡದೈತಿ ಅಂತ ಕೈಯಾಗ ಕಬ್ಬಿಣದ ಕೀಲಿಕೈ ಹಿಡಿಸಿದ್ರು, ಉಳ್ಳಾಗಡ್ಡಿ ಮೂಸಿಸಿದ್ರು. ದವಾಖಾನಿಗೆ ಒಯ್ದು ಹೆಂಗೋ ಉಳದ್ಲು. ಈಗ ನನಗ ನಾಲ್ಕು ತಿಂಗಳು. ನನಗೂ ಬರ್ತಾವೇನ್ರಿ?” (ಬ್ಯಾಡಗಿ)

ಬಂದೇ ಬರುತ್ತವೆ ಅಂತಿಲ್ಲ, ಆದರೆ ಅಕ್ಕನಿಗೆ ಬಂದದ್ದನ್ನು ಮುಂದಿನ ತಪಾಸಣೆಯಲ್ಲೇ ಡಾಕ್ಟರಿಗೆ ಹೇಳು, ಮುಚ್ಚಿಡಬ್ಯಾಡ. ಕೆಲವರಿಗೆ ಅವರು ಮೊದಲೇ ಸಣ್ಣ ಪ್ರಮಾಣದ ಆಸ್ಪಿರಿನ್ ಸುರು ಮಾಡುತ್ತಾರೆ. ಅದು ಅವರು ನಿರ್ಧರಿಸುವ ವಿಷಯ, ಅಂಗಡಿಯಿಂದ ತಂದು ನುಂಗುವುದಲ್ಲ. ಬಸುರಿಗೆ ಇಂಥ ಝಟಕೆ (ಫಿಟ್ಸ್) ಬರುವುದು ಗಾಳಿಯಿಂದಲ್ಲ, ಬಿ.ಪಿ. ಏರುವುದರಿಂದ. ಅದಕ್ಕೇ ಪ್ರತಿ ಸಲ ಬಿ.ಪಿ. ನೋಡಿಸಿ ತಾಯಿ ಕಾರ್ಡಿನಲ್ಲಿ ಬರೆಸು. 140/90 ಆಯಿತೆಂದರೆ ಮನೆಯಲ್ಲಿ ಕೂಡುವಂತಿಲ್ಲ. ತಲೆ ಸಿಡಿಯುವುದು, ಕಣ್ಣು ಮಂಜಾಗುವುದು, ಎದೆಗುಂಡಿಗೆಯ ಕೆಳಗೆ ನೋವು, ಮುಖ-ಕೈ ಬಾವು ಬಂದರೆ ಅವತ್ತೇ ಹೊರಡಬೇಕು.

ಮುಂಡರಗಿ ಕಡೆ ಒಬ್ಬ ಬಳೆಗಾರ ಮುದುಕ ಇದ್ದ. ಕುಪ್ಪಸ ಕಾರ್ಯಕ್ಕೆ ಬಳೆ ಇಡಿಸಲು ಬಂದವ ಬಸುರಿಯ ಕೈ ಹಿಡಿದು, “ಹೋದ ತಿಂಗಳ ಈಕಿಗೆ ಹತ್ತಿದ ಬಳಿ ಈಗ ಮುಂಗೈ ದಾಟವಲ್ದು, ನರ್ಸಬಾಯಿಗೆ ತೋರಸ್ರಿ” ಅಂತ ಕಳಿಸಿಕೊಟ್ಟಿದ್ದ. ನೋಡಿದರೆ 160/110. ಅವ ಓದಿದ್ದು ಮೂರನೇ ಇಯತ್ತೆ. ಝಟಕೆ ತಡೆಯುವ ಮ್ಯಾಗ್ನೀಷಿಯಂ ಸಲ್ಫೇಟ್ ಸೂಜಿ ಅಪಾಯವನ್ನು ಅರ್ಧಕ್ಕೆ ಇಳಿಸುತ್ತದೆ ಅಂತ 2002ರಲ್ಲೇ ಅನೇಕ ದೇಶಗಳ ಹೆಣ್ಣುಮಕ್ಕಳಲ್ಲಿ ನೋಡಿ ಖಾತ್ರಿ ಮಾಡಿದ್ದಾರೆ. ಅಗ್ಗದ ಸೂಜಿ, ಕೀಲಿಕೈ ಹುಡುಕುವ ಹೊತ್ತಿನಲ್ಲಿ ಚುಚ್ಚಿ ಮುಗಿಯುತ್ತದೆ.

“ಪಾವಗಡದ ಸೂಲಗಿತ್ತಿ ನರಸಮ್ಮನವರು 15 ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದ್ದರು, 2018ರಲ್ಲಿ ಪದ್ಮಶ್ರೀ ಬಂತು. ಹೀಗಿರುವಾಗ ನೀವು ಮನೆ ಹೆರಿಗೆಯನ್ನು ಏಕೆ ವಿರೋಧಿಸುತ್ತೀರಿ? ಆಸ್ಪತ್ರೆಗೆ ಹೋದರೆ ಎಲ್ಲರ ಹೊಟ್ಟೆ ಕೊಯ್ಯುತ್ತಾರೆ.” (ವಿದ್ಯಾರ್ಥಿನಿ, ಧಾರವಾಡ)

ನರಸಮ್ಮನವರ ಕಾಲಿಗೆ ನಾನೂ ಬೀಳುತ್ತೇನೆ. ನನಗೆ ಹೆರಿಗೆ ಕಲಿಸಿದ್ದು ನರ್ಸಿಂಗ್ ಶಾಲೆಗಿಂತ ಹೆಚ್ಚು ನನ್ನ ಮೊದಲ ಊರಿನ ಸೂಲಗಿತ್ತಿ. ಅವಸರ ಮಾಡದೆ ಕೈಕಟ್ಟಿ ಕೂಡುವುದನ್ನು ಆಕೆಯಿಂದಲೇ ಕಲಿತೆ. ಕೊಯ್ಯುವ ಬಗ್ಗೆ ನೀನು ಹೇಳಿದ್ದರಲ್ಲೂ ಹುರುಳಿದೆ: ಮೇಲೆ ಹೇಳಿದ 2019-21ರ ಸಮೀಕ್ಷೆಯಲ್ಲೇ ನಮ್ಮ ರಾಜ್ಯದಲ್ಲಿ ನೂರಕ್ಕೆ 31 ಹೆರಿಗೆ ಸಿಸೇರಿಯನ್. ಇಷ್ಟು ಬೇಕಾಗಿಲ್ಲ ಅಂತ ನನ್ನ ಅನಿಸಿಕೆಯೂ ಹೌದು.

ಆದರೆ ನೂರು ಹೆರಿಗೆಯಲ್ಲಿ ಸುಮಾರು 15ರಲ್ಲಿ ಏನಾದರೊಂದು ತೊಡಕು ಬರುತ್ತದೆ. ಯಾರಿಗೆ ಅಂತ ಮೊದಲೇ ಹೇಳಲಿಕ್ಕೆ ನರಸಮ್ಮನವರಿಗೂ ಬರುತ್ತಿರಲಿಲ್ಲ, ದೊಡ್ಡ ಡಾಕ್ಟರಿಗೂ ಬರುವುದಿಲ್ಲ. ಎಷ್ಟು ಚೊಕ್ಕ ಕೈಯಾದರೂ ಆ ಕೈಯಿಂದ ರಕ್ತ ಏರಿಸಲಾಗದು. ನನಗೆ ಸೂಲಗಿತ್ತಿಯರ ಮೇಲೆ ಸಿಟ್ಟಿಲ್ಲ. ಸಿಟ್ಟಿರುವುದು ಮೋಟಾರ್ ಸೈಕಲ್ ಮೇಲೆ ಬಂದು ‘ಬ್ಯಾನಿ ಸೂಜಿ’ ಚುಚ್ಚಿ ನೂರು ರೂಪಾಯಿ ಇಸಿದುಕೊಂಡು ಹೋಗುವವರ ಮೇಲೆ. ಕೂಸು ಹುಟ್ಟಿದ ಮೇಲೆ ರಕ್ತ ನಿಲ್ಲಿಸಲು ಕೊಡಬೇಕಾದ ಸೂಜಿ ಅದು. ಹುಟ್ಟುವ ಮೊದಲು ಅಳತೆ ಇಲ್ಲದೆ ಕೊಟ್ಟರೆ ಗರ್ಭಕೋಶವೇ ಹರಿಯುತ್ತದೆ, ಕೂಸಿಗೆ ಉಸಿರು ಸಿಗುವುದಿಲ್ಲ. ನಿಮ್ಮೂರಲ್ಲಿ ಅಂಥವನಿದ್ದರೆ ಅವನ ಬಗ್ಗೆಯೂ ನಾಲ್ಕು ಮಾತು ಬರೆ.

“ನಮಗ 1.7 ಕಿಲೋದ ಹೆಣ್ಣು ಕೂಸು ಹುಟ್ಟೈತಿ. ವಿಶೇಷ ಘಟಕದಾಗ ಹದಿನೈದು ದಿನಾ ಇಟ್ಟು ಮನಿಗೆ ಕಳಿಸ್ಯಾರ. ಎದಿಗೆ ಕಟ್ಟಿಕೊಳ್ರಿ ಅಂದಾರ. ನಮ್ಮವ್ವ ಅಗ್ಗಿಷ್ಟಿಗಿ, ಹೊಗಿ, ಎಣ್ಣಿ-ನೀರು ಬೇಕs ಬೇಕು ಅಂತಾಳ. ನನ್ನ ಹೆಣ್ತಿಗೆ ಇನ್ನೂ ಹೊಲಿಗಿ ಮಾಗಿಲ್ಲ. ಗಂಡಸರು ಕಟ್ಟಿಕೊಂಡ್ರ ನಡೀತೈತೇನ್ರಿ?” (ನವಲಗುಂದ)

ಭೇಷಕ್ಕ ನಡೀತೈತಿ. ಅಂಗಿ-ಬನಿಯನ್ ತೆಗಿ. ಕೂಸಿಗೆ ಕುಂಚಿಗೆ, ಕಾಲುಚೀಲ, ಲಂಗೋಟಿ ಇರಲಿ, ಉಳಿದ ಮೈ ಬರಿದು. ಎದೆಯ ಮೇಲೆ ನೆಟ್ಟಗೆ ಇಟ್ಟುಕೊ, ಕಪ್ಪೆಯ ಹಾಗೆ ಕೈಕಾಲು ಮಡಚಿ, ಕತ್ತು ಒಂದು ಬದಿಗೆ, ಮೂಗು ಬಾಯಿ ಮುಚ್ಚಬಾರದು. ಮೇಲೆ ಮೆತ್ತನೆ ಧೋತರ ಸುತ್ತಿ ಕಟ್ಟು. ಒರಗಿ ಕೂತು ರೇಡಿಯೋ ಕೇಳು, ಎಷ್ಟು ಹೊತ್ತಾದರೂ ಆದೀತು. 1978ರಲ್ಲಿ ಕೊಲಂಬಿಯಾ ದೇಶದ ಬೊಗೊಟಾದಲ್ಲಿ, ಕೂಸುಗಳಿಗೆ ಸಾಕಷ್ಟು ಬೆಚ್ಚನೆ ಪೆಟ್ಟಿಗೆ ಇಲ್ಲದ ಆಸ್ಪತ್ರೆಯಲ್ಲಿ ಹುಟ್ಟಿದ ಉಪಾಯ ಇದು. ಬಡವರ ಉಪಾಯ ಅಂತ ಮೂಗು ಮುರಿದವರೇ ಹೆಚ್ಚು. 2021ರಲ್ಲಿ ಭಾರತವೂ ಸೇರಿ ಐದು ದೇಶಗಳಲ್ಲಿ, ನಿನ್ನ ಮಗಳಷ್ಟೇ ತೂಕದ ಕೂಸುಗಳನ್ನು ಹುಟ್ಟಿದ ಕೂಡಲೇ ಹೀಗೆ ಕಟ್ಟಿಕೊಂಡು ನೋಡಿದರು. ಮೊದಲು ಪೆಟ್ಟಿಗೆಯಲ್ಲಿಟ್ಟು ಆಮೇಲೆ ಕಟ್ಟಿಕೊಂಡವರಿಗಿಂತ ಸಾವು ಕಾಲುಭಾಗ ಕಡಿಮೆ.

ಅವ್ವನ ಜೊತೆ ಜಗಳಾಡಬ್ಯಾಡ. ಹೊಗೆ ಬ್ಯಾಡ, ಆ ಎಳೆ ಪುಪ್ಪುಸಕ್ಕೆ ತಾಳದು. ತೂಕ ಏರುವ ತನಕ ಎಣ್ಣೆ-ನೀರೂ ಬ್ಯಾಡ, ಬಿಸಿನೀರಲ್ಲಿ ಹಿಂಡಿದ ಅರಿವೆಯಿಂದ ಒರೆಸಿದರೆ ಸಾಕು. ಆದರೆ ‘ಬೆಚ್ಚಗ ಇಡಬೇಕು’ ಅನ್ನುವ ಅವ್ವನ ಬುದ್ಧಿ ಸರಿ ಇದೆ. ಆಕೆಗೆ ಎರಡು ಕುಂಚಿಗೆ ಹೊಲಿಯಲು ಹೇಳು, ತಾಸಿಗೊಮ್ಮೆ ಕೂಸಿನ ಅಂಗಾಲು ಮುಟ್ಟಿ ನೋಡುವ ಕೆಲಸ ಕೊಡು. ತಣ್ಣಗಾದರೆ ಕೂಗಿ ಹೇಳಲಿ. ಹಾಲು ಕುಡಿಯುವುದು ಬಿಟ್ಟರೆ, ಪಕ್ಕೆ ಸೆಳೆದರೆ, ಅಂಗೈ-ಅಂಗಾಲು ಹಳದಿ ಆದರೆ ಅದೇ ಹೊತ್ತಿಗೆ ದವಾಖಾನೆ. ಚುಟಿಗೆ ಹಾಕಿಸಲು ಯಾರಾದರೂ ಹೇಳಿದರೆ ಬಾಗಿಲು ತೋರಿಸು.

ಮೊದಲ ಹಾಲು ಹಿಂಡಿ ಚೆಲ್ಲಿದೆವು ಅಂತಲೂ ಪತ್ರದಲ್ಲಿ ಬರೆದಿದ್ದೀ. ಆಕಳು ಈಯ್ದರೆ ಗಿಣ್ಣಕ್ಕೆ ಏಲಕ್ಕಿ ಬೆಲ್ಲ ಹಾಕಿ ಓಣಿಗೆಲ್ಲ ಹಂಚುವವರು ನಾವು! ಆದದ್ದಾಯಿತು, ಇನ್ನು ತಾಯಿ ಹಾಲು ಬಿಟ್ಟು ಬೇರೇನೂ ಬ್ಯಾಡ, ಜೇನು-ಘುಟ್ಟಿ ಸಹ.

ಐದನೇ ರಾತ್ರಿ ಸೆಟಿವಿ ಬಂದು ಹಣೆಬರಹ ಬರೆಯುತ್ತಾಳೆ ಅಂತ ದೀಪ ಹಚ್ಚಿ ಎಚ್ಚರ ಕೂಡುತ್ತೇವಲ್ಲ, ಆ ನಂಬಿಕೆಯನ್ನು ನಾನೆಂದೂ ಹಳಿದವಳಲ್ಲ. ತಿಂಗಳೊಳಗಿನ ಕೂಸುಗಳ ಸಾವಿನಲ್ಲಿ ಮುಕ್ಕಾಲು ಪಾಲು ಮೊದಲ ವಾರದಲ್ಲೇ ಆಗುತ್ತವೆ. ಆ ವಾರ ಮನೆಯಲ್ಲಿ ಯಾರೋ ಒಬ್ಬರು ಕೂಸಿನ ಮುಖ ನೋಡುತ್ತ ಎಚ್ಚರ ಇರುವುದು ಒಳ್ಳೆಯದೇ. ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ಅಭಯ್ ಬಂಗ್, ರಾಣಿ ಬಂಗ್ ದಂಪತಿ 39 ಹಳ್ಳಿಗಳಲ್ಲಿ ಹಳ್ಳಿಯ ಹೆಣ್ಣುಮಕ್ಕಳಿಗೇ ಕಲಿಸಿ, ಮನೆಮನೆಗೆ ಹೋಗಿ ಕೂಸು ನೋಡುವಂತೆ ಮಾಡಿದರು. ಎಳೆಗೂಸುಗಳ ಸಾವು ನೂರಕ್ಕೆ 62ರಷ್ಟು ತಗ್ಗಿತು ಅಂತ 1999ರಲ್ಲಿ ಪ್ರಕಟಿಸಿದರು. ಈಗ ಆಶಾ 3, 7, 14, 21, 28, 42ನೇ ದಿನ ಮನೆಗೆ ಬರುವುದು ಅದೇ ದಾರಿಯಲ್ಲಿ. ಬಂದಾಗ ತಕ್ಕಡಿ ತಂದಾಳೇನು ಕೇಳು, ತೂಗಿಸು. ಬರೀ ರಜಿಸ್ಟರಿಗೆ ಸಹಿ ಹಾಕಿ ಕಳಿಸಬ್ಯಾಡ.

“2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಬಾಣಂತಿಯರು ಸತ್ತ ಮೇಲೆ ಸರ್ಕಾರಿ ದವಾಖಾನೆ ಅಂದರೆ ಭಯ. ಸಾಲ ಮಾಡಿ ಖಾಸಗಿಗೆ ಹೋಗಲೇ?” (ರಾಣೆಬೆನ್ನೂರು)

ಭಯ ಬಿದ್ದದ್ದು ತಪ್ಪಲ್ಲ. ಸಿಸೇರಿಯನ್ ಆದವರು ಒಬ್ಬರ ಹಿಂದೊಬ್ಬರು ಹೋದರು, ಸಲಾಯಿನ್ ಬಾಟಲಿಯ ಮೇಲೆ ಅನುಮಾನ ಬಂದು ಸರ್ಕಾರ ಅದರ ಬಳಕೆ ನಿಲ್ಲಿಸಬೇಕಾಯಿತು. ಆಮೇಲೆ ಏಪ್ರಿಲ್‌ನಿಂದ ಡಿಸೆಂಬರ್ 2024ರ ತನಕ ರಾಜ್ಯದಲ್ಲಿ ಸತ್ತ 464 ತಾಯಂದಿರ ಲೆಕ್ಕ ತೆಗೆದು ನೋಡಿದಾಗ, ನೂರಕ್ಕೆ 70 ಸಾವು ತಪ್ಪಿಸಬಹುದಿತ್ತು ಅಂತ ಸರ್ಕಾರದ ವರದಿಯೇ ಹೇಳಿತು. ಇದೂ ಖರೆ. ಒಂದು ಲಕ್ಷ ಹೆರಿಗೆಗೆ ಕರ್ನಾಟಕದಲ್ಲಿ 2001-03ರಲ್ಲಿ 228 ತಾಯಂದಿರು ಸಾಯುತ್ತಿದ್ದರು, 2018-20ಕ್ಕೆ ಅದು 69ಕ್ಕೆ ಇಳಿಯಿತು ಅನ್ನುವುದೂ ಖರೆ. ಇಳಿಸಿದ್ದರಲ್ಲಿ ಸರ್ಕಾರಿ ದವಾಖಾನೆಗಳ ಪಾಲು ಸಣ್ಣದಲ್ಲ.

ಸಾಲ ಮಾಡುವ ಮುಂಚೆ ಎರಡೂ ಕಡೆ ಹೋಗಿ ಒಂದೇ ಪ್ರಶ್ನೆ ಕೇಳಿ ಬಾ: ರಾತ್ರಿ ಎರಡು ಗಂಟೆಗೆ ಇಲ್ಲಿ ಆಪರೇಷನ್ ಮಾಡುವ ಡಾಕ್ಟರ್, ಮಂಪರು ಕೊಡುವ ಡಾಕ್ಟರ್, ರಕ್ತ ಮೂರೂ ಸಿಗುತ್ತವೇನು? ಟೈಲ್ಸ್ ನೋಡಿ ಮರುಳಾಗಬೇಡ. ಸರ್ಕಾರಿಯಲ್ಲಿ ಹೆರಿಗೆ, ಸಿಸೇರಿಯನ್, ಔಷಧ, ರಕ್ತ, ಊಟ, ಗಾಡಿ 2011ರಿಂದ ಪುಕ್ಕಟೆ. ಆದರೂ ‘ಗಂಡು ಹುಟ್ಟೈತಿ, ಐನೂರು ಕೊಡ್ರಿ’ ಅನ್ನುವ ಕೈಗಳಿರುತ್ತವೆ. ನನ್ನ ಸ್ವಂತ ಮಗಳ ಬಾಣಂತನದಲ್ಲೇ ನನ್ನ ಮುಂದೆ ಚಾಚಿದ್ದವು, ನಾನು ಯಾರು ಅಂತ ಗೊತ್ತಿರಲಿಲ್ಲ ಪಾಪ. 104ಕ್ಕೆ ಫೋನ್ ಮಾಡಿ ದೂರು ಹೇಳಬಹುದು.

“ಮಗುವಿಗೆ ಭೇದಿ ಆದಾಗ ಅಂಗಡಿಯ ಸಿಹಿ ಹಣ್ಣಿನ ರಸದ ಡಬ್ಬಿ ಕೊಟ್ಟರೆ ಓಆರ್‌ಎಸ್ ಕೊಟ್ಟಂಗೆ ಆಗುತ್ತದೆಯೇ?” (ಕಲಘಟಗಿ)

ಇಲ್ಲ. ಅತಿ ಸಕ್ಕರೆ ಭೇದಿ ಹೆಚ್ಚಿಸುತ್ತದೆ. ಆಶಾ ಕೊಡುವ ಪುಡಿಯ ಪಾಕೀಟು, ಅದರ ಮೇಲೆ ಬರೆದಷ್ಟೇ ನೀರು, ಚಮಚದಿಂದ. ಜೊತೆಗೆ ಝಿಂಕ್ ಗುಳಿಗೆ 14 ದಿನ, ಭೇದಿ ನಿಂತರೂ ಬಿಡಬಾರದು. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಸಲಾಯಿನ್ ಮುಗಿದುಹೋದಾಗ ಡಾ. ದಿಲೀಪ್ ಮಹಲನಬಿಸ್ ಉಪ್ಪು-ಸಕ್ಕರೆ ನೀರನ್ನು ಡ್ರಮ್ಮಿನಲ್ಲಿ ಕಲೆಸಿಟ್ಟು, ರೋಗಿಗಳ ಮನೆಯವರೇ ಕುಡಿಸುವಂತೆ ಮಾಡಿ ಕಾಲರಾ ಸಾವನ್ನು ತಡೆದರು. ಡಬ್ಬಿಯ ಮೇಲೆ ಮಾವಿನ ಹಣ್ಣಿನ ಚಿತ್ರ ಇದ್ದರೆ ಅದು ಆ ನೀರಲ್ಲ.

“ಅಕ್ಕಾರ, ನನಗ ಎಂಟು ತಿಂಗಳು, ವಯಸ್ಸು 19. ನಿನ್ನಿ ಮಧ್ಯಾಹ್ನದಿಂದ ಹೊಟ್ಟ್ಯಾಗ ಕೂಸು ಅಲುಗಾಡಿದಂಗ ಅನಸವಲ್ದು. ಮನಿಯವ್ರು ಮಂಗಳೂರಿಗೆ ದುಡಿಲಿಕ್ಕೆ ಹೋಗ್ಯಾರ. ನಾಳಿ ಅಮಾಸಿ. ಅತ್ತಿಗೆ ಹೆಂಗ ಹೇಳ್ಲಿ?” (ಗದಗ ಜಿಲ್ಲೆ)

ಈ ಪತ್ರ ನನ್ನ ಕೈಗೆ ಬರುವಾಗ ಹನ್ನೊಂದು ದಿನ ಆಗಿತ್ತು. ಒಳನಾಡಿನ ಅಂಚೆ, ನಡುವೆ ಎರಡು ರಜೆ, ಆಮೇಲೆ ಪತ್ರಿಕೆಯ ಕಚೇರಿಯ ಟ್ರೇ. ಲಕೋಟೆಯ ಮೇಲೆ ಊರಿನ ಹೆಸರಿತ್ತು, ಫೋನ್ ನಂಬರ್ ಇರಲಿಲ್ಲ. ಕೂಸಿನ ಅಲುಗಾಟ ಕಡಿಮೆ ಆಯಿತು ಅಂದರೆ ನನಗಲ್ಲ, ಯಾರಿಗೂ ಪತ್ರ ಬರೆಯಬಾರದು, ಅದೇ ತಾಸಿಗೆ ದವಾಖಾನೆಗೆ ಹೊರಡಬೇಕು, ಅಮಾಸಿಯಿದ್ದರೂ ಗ್ರಹಣವಿದ್ದರೂ. ಇಷ್ಟನ್ನು ಅಚ್ಚು ಹಾಕಲಿಕ್ಕೆ ಆಕೆಯ ಪತ್ರ ಇಲ್ಲಿ ಕೊಟ್ಟಿದ್ದೇನೆ.

ಆ ಭಾಗದ ಹಳೇ ಸಹೋದ್ಯೋಗಿಗಳನ್ನು ಹಿಡಿದು, ಅವರಿಂದ ಆ ಊರಿನ ಆಶಾಳ ನಂಬರ್ ಹುಡುಕಿ, ಸಂಜೆ ಏಳಕ್ಕೆ ಫೋನ್ ಹಚ್ಚಿದೆ. ಹೆಸರು ಹೇಳಿದ ಕೂಡಲೇ ಆಕೆ, “ಹೂನ್ರಿ ಅಕ್ಕಾರ, ಆಕಿ ಬಾಜೂ ಮನಿಯಾಕಿ ಮುಂದ ಅತ್ತಿದ್ಲಂತ, ಆಕಿ ಬಂದು ನನಗ ಹೇಳಿದ್ಲು. ಅಮಾಸಿ ದಿನಾನs ಒಯ್ದು ಅಡ್ಮಿಟ್ ಮಾಡಿಸಿದ್ವಿ. ಕೂಸು ಹುಟ್ಟೈತ್ರಿ, 2 ಕಿಲೋ 100. ಇಬ್ರೂ ಅರಾಮ ಅದಾರ” ಅಂದಳು.

ಅತ್ತೆ ಬ್ಯಾಡ ಅಂದಿದ್ದಳೇನು ಅಂತ ಕೇಳಿದೆ.

“ಇಲ್ರಿ, ಪಾಪ, ಆಕಿಗೆ ಯಾರೂ ಹೇಳೇ ಇರಲಿಲ್ಲ. ಹುಡುಗಿ ಪತ್ರ ಬರೀತಿದ್ದಾಗ ಅಲ್ಲೇ ಹೊರಸಿನ ಮ್ಯಾಲ ಕುಂತು ಶೇಂಗಾ ಸುಲೀತಿದ್ಲಂತ. ತವರಿಗೆ ಬರೀಲಿಕ್ಕ್ಹತ್ಯಾಳ ಅನ್ಕೊಂಡಿದ್ಲಂತ್ರಿ.”